ಸೊಪ್ಪಿನ ಹೊತ್ತಿನ ಮಾತ್ರೆ

ಆಸ್ಪತ್ರೆಗೆ ಹೊರಟ ಕಾರು ನರಸಾಪುರದ ಹತ್ತಿರ ಕೆಟ್ಟು ನಿಲ್ಲಬಹುದಿತ್ತು. ಕೋಲಾರದಲ್ಲಿ ಹಾಲಿನ ಬೂತಿನ ಮುಂದೆ ನಿಂತಾಗ ಯಾರಾದರೂ ಅಕ್ಕನ ಮುಖಕ್ಕೆ ನೇರವಾಗಿ ಸೀನಬಹುದಿತ್ತು. ಹಸಿಯದು ತಿನ್ನಬಾರದೆಂದು ಗೊತ್ತಿದ್ದೂ, ಬಡಿಸಿದವರ ಮನಸ್ಸು ನೋಯಬಾರದೆಂದು ಮದುವೆ ಮನೆಯ ಕೋಸಂಬರಿಯನ್ನು ಅವಳು ಬಾಯಿಗೆ ಹಾಕಿಕೊಳ್ಳಬಹುದಿತ್ತು. ಕುಡಿಯುವ ನೀರು ಕಾಯಿಸುವಾಗ ಗ್ಯಾಸ್ ಮುಗಿದು, ಅರ್ಧ ಕುದಿದದ್ದನ್ನೇ ಆರಿಸಿಕೊಂಡು ಕುಡಿಯಬಹುದಿತ್ತು. ಔಷಧಿ ಅಂಗಡಿಯವನು ಅದೇ ಬಣ್ಣದ, ಬೇರೆ ಕಂಪನಿಯ ಮಾತ್ರೆ ಕೊಟ್ಟು ಎಲ್ಲಾ ಒಂದೇ ಸಾರ್ ಎನ್ನಬಹುದಿತ್ತು. ಹಿತ್ತಿಲ ಬೆಕ್ಕು ಪರಚಬಹುದಿತ್ತು. ತಿಪ್ಪೆ ಕೆದಕಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಇಳಿದು ಅಲ್ಲೇ ಬೂಷ್ಟು ಬೆಳೆಸಬಹುದಿತ್ತು. ಭಾವನ ಕೆಮ್ಮು ಬರೀ ಸುಣ್ಣದ ಪುಡಿಯ ಕೆಮ್ಮಾಗಿರದೆ ಕ್ಷಯವಾಗಿರಬಹುದಿತ್ತು. ಆವನಿಯ ಬೆಟ್ಟ ಹತ್ತುತ್ತೇನೆಂದು ಅಕ್ಕ ಯಾರಿಗೂ ಹೇಳದೆ ಹರಕೆ ಹೊತ್ತಿರಬಹುದಿತ್ತು. ಕೊನೆಗೆ ನಾನೇ, ಮುಳಬಾಗಿಲಿನ ಬಸ್ಸಿನಲ್ಲಿ ಹತ್ತಿಸಿಕೊಂಡ ನೆಗಡಿಯನ್ನು ಜೋಪಾನವಾಗಿ ಹೊತ್ತೊಯ್ದು, ಆರೋಗ್ಯ ವಿಚಾರಿಸುವ ನೆಪದಲ್ಲಿ ಅವಳಿಗೆ ಕೊಟ್ಟು ಬರಬಹುದಿತ್ತು.

ಇವಿಷ್ಟೂ ನಾನು ಬರೆದಿಟ್ಟವು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿದೆ. ಎಡಗಡೆ ಆಗಬಹುದಾದದ್ದು, ಬಲಗಡೆ ಆಗದಂತೆ ಮಾಡಬೇಕಾದದ್ದು. ಮಕ್ಕಳ ಪರೀಕ್ಷೆಯಲ್ಲಿ ಹೊಂದಿಸಿ ಬರೆಯಿರಿ ಎಂದು ಕೊಡುತ್ತೇವಲ್ಲ, ಆ ಥರ. ಇದನ್ನು ನೋಡಿ ನನ್ನ ಹೆಂಡತಿ ಒಮ್ಮೆ, "ನಿಮ್ಮಕ್ಕಂಗೆ ಹಾರ್ಟ್ ಬದಲಾಯಿಸಿದ್ರು ಸರಿ. ನಿಮಗೆ ತಲೆ ಬದಲಾಯಿಸೋ ಡಾಕ್ಟ್ರು ಸಿಕ್ಕಿದ್ರೆ ಹೇಳಿ, ನಾನೇ ಬಂದು ಸೈನ್ ಹಾಕ್ತೀನಿ" ಅಂದಳು.

ಪುಸ್ತಕದಲ್ಲಿ ಬರೆದ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರಾ ಚಿಕ್ಕದು. ಅದು ಆಗಿದೆಯೆಂದು ನಮಗೆ ತಿಳಿಯಲು ಒಂದೂವರೆ ವರ್ಷ ಹಿಡಿಯಿತು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಹುತ್ತೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದು. ಭಾವನದು ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲೇ ರೇಷ್ಮೆ ಹುಳು ಸಾಕುವ ಉದ್ದನೆಯ ಹುಳುಮನೆ. ಐದು ವರ್ಷದ ಹಿಂದೆ ಯಾವುದೋ ವೈರಸ್ಸಿನ ಸೋಂಕು ಬಂದು ಹೋದ ಮೇಲೆ ಅವಳ ಹೃದಯ ಹಿಗ್ಗಿತು. ಹಿಗ್ಗಿದ್ದು ಮತ್ತೆ ಕುಗ್ಗಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿಯುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಿದ್ದಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಏಳು ತಿಂಗಳು ಕಾದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು, ಬೇರೆಯವರ ಹೃದಯ ಸಿಕ್ಕಿತು. ಯಾರದೆಂದು ನಮಗೆ ಹೇಳಲಿಲ್ಲ, ಕೇಳುವ ಹಾಗೂ ಇಲ್ಲ. ವರ್ಷಕ್ಕೊಮ್ಮೆ ಆ ದಿನ ಅಕ್ಕ ದೇವರ ಗೂಡಿನಲ್ಲಿ ಅಲ್ಲದೆ ಹೊಸಿಲಿನ ಪಕ್ಕ ಒಂದು ದೀಪ ಇಡುತ್ತಾಳೆ. ಯಾಕೆಂದು ನಾನೂ ಕೇಳಿಲ್ಲ.

ನನ್ನ ಕಷ್ಟ ಶುರುವಾದದ್ದು ಆಮೇಲೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೊದಲು ಟೇಕಲ್ ಕಡೆ, ಈಗ ಮುಳಬಾಗಿಲಿನಲ್ಲಿ. ಬಿಳಿ ರಕ್ತಕಣಗಳು ನಮ್ಮ ದೇಹದ ಸೈನಿಕರು ಎಂದು ಇಪ್ಪತ್ತೈದು ವರ್ಷ ಬೋರ್ಡಿನ ಮೇಲೆ ಬರೆದವನು. ಹುರುಪಿದ್ದ ಕಾಲದಲ್ಲಿ ಕಣಗಳ ಕೈಗೆ ಬಂದೂಕು ಕೊಟ್ಟು ಚಿತ್ರ ಬರೆದದ್ದೂ ಇದೆ. ಈಗ ಅದೇ ನಾನು ಆಸ್ಪತ್ರೆಯ ವಾರ್ಡಿನಲ್ಲಿ ಕೂತು, ಆ ಸೈನಿಕರನ್ನು ಜೀವನಪೂರ್ತಿ ತೂಕಡಿಕೆಯಲ್ಲಿ ಇಡಬೇಕು, ಅವು ಚುರುಕಾದರೆ ನೀನು ಉಳಿಯುವುದಿಲ್ಲ ಎಂದು ಅಕ್ಕನಿಗೆ ಹೇಳಬೇಕಾಯಿತು. ಅವಳು ಎಲ್ಲ ಕೇಳಿ, "ಅಂದ್ರೆ ನೀನು ಇಷ್ಟ್ ದಿನ ಮಕ್ಕಳಿಗೆ ಹೇಳ್ಕೊಟ್ಟಿದ್ದೆಲ್ಲ ಸುಳ್ಳಾ?" ಅಂದಳು.

ಸುಳ್ಳಲ್ಲ, ಅರ್ಧ ನಿಜ ಎಂದೆ. ಅವಳಿಗೆ ಅರ್ಥವಾಗುವ ಹಾಗೆ ಹೇಳಲು ಬಸ್ಸನ್ನು ತಂದೆ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಟಿಕೆಟ್ ತೆಗೆಯುವ ಮೊದಲೇ ತೆಲುಗಿನಲ್ಲಿ ಕೇಳುವುದು "ಮೀದಿ ಏ ಊರು?" ಎಂದು. ಯಾವ ಊರು, ಯಾರ ಮನೆ, ಯಾರ ಕಡೆಯವರು ಎಂದು ತಿಳಿಯುವವರೆಗೆ ಅವರಿಗೆ ಸಮಾಧಾನವಿಲ್ಲ. ರಕ್ತದಲ್ಲಿ ಟಿ ಕೋಶಗಳೆಂದು ಇರುತ್ತವೆ, ಅವುಗಳ ಕೆಲಸವೂ ಇದೇ. ಓಡಾಡುತ್ತಾ ಎದುರಾದ ಪ್ರತಿಯೊಂದು ಜೀವಕೋಶವನ್ನೂ ಯಾವ ಊರೆಂದು ಕೇಳುತ್ತವೆ. ನಮ್ಮ ಊರಿನದೇ ಆದರೆ ಬಿಟ್ಟು ಮುಂದೆ ಹೋಗುತ್ತವೆ. ಹೊಸ ಹೃದಯ ಎಷ್ಟು ವರ್ಷ ಬಡಿದುಕೊಂಡರೂ, ಎಷ್ಟು ರಕ್ತ ದೂಡಿದರೂ, ಅದರ ಉತ್ತರ ಮಾತ್ರ ಬದಲಾಗುವುದಿಲ್ಲ. ಅದು ಬೇರೆ ಊರಿನದೇ.

ಅಕ್ಕ, "ನನ್ನನ್ನೂ ಇವ್ರ ಊರಲ್ಲಿ ಮೂವತ್ತು ವರ್ಷದಿಂದ ಹಂಗೇ ಕೇಳ್ತಾವ್ರೆ" ಅಂದಳು. ಭಾವ ಕಿಟಕಿಯ ಹೊರಗೆ ನೋಡಿದರು.

ನನಗೆ ಹೆಚ್ಚು ತಲೆ ಕೆಡಿಸಿದ್ದು ಹೊಸ ಹೃದಯವನ್ನು ಮೈ ಗಲಾಟೆ ಮಾಡಿ ತಿರಸ್ಕರಿಸುವ ಮೊದಲ ವರ್ಷದ ರಿಜೆಕ್ಷನ್ ಅಲ್ಲ. ಅದು ಬಂದರೆ ಬಹಳ ಸಲ ಗೊತ್ತಾಗುತ್ತದೆ. ಕತ್ತಿನ ರಕ್ತನಾಳದಲ್ಲಿ ತಂತಿ ಇಳಿಸಿ ಹೃದಯದ ಚೂರು ತೆಗೆದು ನೋಡುತ್ತಾರೆ, ಔಷಧಿ ಏರಿಸುತ್ತಾರೆ. ಇನ್ನೊಂದಿದೆ, ನಿಧಾನದ್ದು, ವರ್ಷಗಟ್ಟಲೆಯದು. ಕೋಶಗಳು ಹೃದಯದ ರಕ್ತನಾಳಗಳ ಒಳಗೋಡೆಯನ್ನು ಸದ್ದಿಲ್ಲದೆ ಕೆಣಕುತ್ತಾ ಇರುತ್ತವೆ, ಗೋಡೆ ಒಳಗೊಳಗೇ ದಪ್ಪವಾಗುತ್ತಾ ದಾರಿ ಕಿರಿದಾಗುತ್ತದೆ. ಎಲ್ಲರಿಗಾದರೆ ಹೃದಯಕ್ಕೆ ರಕ್ತ ಕಡಿಮೆಯಾದಾಗ ಎದೆ ನೋಯುತ್ತದೆ. ಕಸಿ ಮಾಡುವಾಗ ನರಗಳನ್ನೆಲ್ಲ ಕತ್ತರಿಸಿರುವುದರಿಂದ ಇವಳಿಗೆ ನೋಯದೆಯೂ ಇರಬಹುದು. ಅಂದರೆ ನನ್ನಂಥವನಿಗೆ ಹೇಳಿ ಮಾಡಿಸಿದ ಕಾಯಿಲೆ. ನೋವಿದ್ದರೆ ಚಿಂತೆ, ನೋವಿಲ್ಲದಿದ್ದರೆ ಇನ್ನೂ ಚಿಂತೆ. ಅಕ್ಕನಿಗೆ ಫೋನ್ ಮಾಡಿ ಎದೆನೋವಿದೆಯಾ ಎಂದು ಕೇಳುವೆ. ಇಲ್ಲ ಎನ್ನುವಳು. ನನ್ನ ರಕ್ತದೊತ್ತಡ ಏರುವುದು.

ಅದಕ್ಕಿರುವ ಕಾವಲು ಎರಡೇ. ವರ್ಷಕ್ಕೊಮ್ಮೆ ಆಂಜಿಯೋಗ್ರಾಂ, ದಿನಕ್ಕೆರಡು ಸಲ ಮಾತ್ರೆ. ಹನ್ನೆರಡು ಗಂಟೆಗೊಮ್ಮೆ, ತಪ್ಪದೆ. ರಕ್ತದಲ್ಲಿ ಮಾತ್ರೆಯ ಮಟ್ಟ ಸಮನಾಗಿ ಇರಬೇಕು. ಇಳಿದರೆ ಆ ಹೊತ್ತಿನಲ್ಲಿ ಕೋಶಗಳು ಕಣ್ಣುಬಿಟ್ಟು ತಮ್ಮ ಪ್ರಶ್ನೆಯನ್ನು ಮತ್ತೆ ಶುರು ಮಾಡುತ್ತವೆ. ಅವುಗಳಿಗೆ ಮರೆವೆಂಬುದಿಲ್ಲ. ನಮ್ಮ ಇಲಾಖೆಯಲ್ಲಿ ಕಡತ ಕಳೆದುಹೋಗುತ್ತದೆ, ನಮ್ಮ ಮನೆಯಲ್ಲಿ ಬೀಗದ ಕೈ ಕಳೆದುಹೋಗುತ್ತದೆ; ಈ ಕೋಶಗಳ ನೆನಪು ಮಾತ್ರ ಕಳೆಯುವುದಿಲ್ಲ.

ಸೋಂಕಿನಿಂದ ಕಾಪಾಡಿಕೊಳ್ಳುವ ವಿಷಯದಲ್ಲಿ ಅಕ್ಕ ನನಗೇ ಪಾಠ ಹೇಳುವಂತಿದ್ದಳು. ನಾವು ಹುಳು ಸಾಕಿದ ಮನೆಯಲ್ಲೇ ಹುಟ್ಟಿದವರು. ಹುಳುಮನೆಗೆ ಹೊರಗಿನವರು ಕಾಲಿಡುವ ಹಾಗಿಲ್ಲ. ಚಪ್ಪಲಿ ಹೊರಗೆ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು ಒಳಗೆ. ಎಲ್ಲೋ ಒಂದು ಹುಳಕ್ಕೆ ಹಾಲುರೋಗ ಬಂದರೆ ಇಡೀ ಬೆಳೆ ತಿಪ್ಪೆಗೆ. ಈ ಕಾನೂನನ್ನೇ ಅವಳು ತನ್ನ ಮೈಗೂ ಜಾರಿ ಮಾಡಿದಳು. ಮನೆಯ ಬಾಗಿಲಲ್ಲಿ ಒಂದು ಬಕೆಟ್ಟು, ಒಂದು ಸೋಪು. ನೆಗಡಿ ಇದ್ದವರಿಗೆ ಜಗಲಿಯವರೆಗೆ ಮಾತ್ರ ಅಪ್ಪಣೆ. ಡಾಕ್ಟರು ಹುಳುಮನೆಯ ಒಳಗೆ ಹೋಗಬಾರದು ಅಂದದ್ದಕ್ಕೆ ಒಂದು ದಿನವೂ ಹೋಗಲಿಲ್ಲ. ಬಾಗಿಲಿನಾಚೆ ಸೂರಿನ ಕೆಳಗೆ ಕುರ್ಚಿ ಹಾಕಿಕೊಂಡು, ಮಾಸ್ಕು ಕಟ್ಟಿಕೊಂಡು, ಭಾವನಿಗೆ ಅಲ್ಲಿಂದಲೇ ಆಜ್ಞೆ ಕೊಡುತ್ತಿದ್ದಳು.

ಶ್ರೀನಿವಾಸಪುರದ ದೊಡ್ಡಮ್ಮ ಒಮ್ಮೆ ಅಮೃತಬಳ್ಳಿ ಕಷಾಯವನ್ನು ಕ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದರು. ಕೋವಿಡ್ ಬಂದು ಹೋದ ಮೇಲೆ ನಮ್ಮ ಕಡೆ ರೋಗನಿರೋಧಕ ಶಕ್ತಿ ಎಂಬ ಮಾತು ಕೊತ್ತಂಬರಿ ಸೊಪ್ಪಿನಷ್ಟು ಅಗ್ಗವಾಗಿದೆಯಲ್ಲ, ಅದೇ ಶಕ್ತಿ ಹೆಚ್ಚಲಿ ಎಂದು. "ಅದೇಮೇ ತಲ್ಲೀ, ಒಂದು ಲೋಟಕ್ಕೆ ಏನಾಗುತ್ತೆ? ಮೈಗೆ ಶಕ್ತಿ ಬರ್ಲಿ ಅಂತ ಅಲ್ವಾ" ಎಂದು ಜಗಲಿಯಲ್ಲಿ ಕೂತು ಬಲವಂತ ಮಾಡಿದರು. ನಾನು ಸೈನಿಕ, ಬಂದೂಕು, ಬಸ್ಸು ಎಲ್ಲವನ್ನೂ ತಂದು ವಿವರಿಸಿದೆ. ಆ ಶಕ್ತಿ ಇವಳಿಗೆ ಬೇಡದ್ದು ಎಂದರೆ ದೊಡ್ಡಮ್ಮನಿಗೆ ನಂಬಿಕೆ ಬರಲಿಲ್ಲ. ಓದಿದವನ ಕೊಬ್ಬು ಎಂಬಂತೆ ನನ್ನನ್ನು ನೋಡಿದರು. ಅಕ್ಕ ಕ್ಯಾನನ್ನು ನನ್ನ ಕಡೆ ತಳ್ಳಿದಳು. "ಪೆದ್ದಮ್ಮಾ, ಅದನ್ನ ಇವನಿಗೆ ಕೊಡು. ದಿನಾ ನನ್ನ ಚಿಂತೆ ಮಾಡಿ ಮಾಡಿ ಸೊರಗಿಹೋಗವ್ನೆ" ಅಂದಳು. ಕುಡಿದೆ. ಮೂರು ದಿನ ಬಾಯಿ ಕಹಿ.

ಎಲ್ಲವೂ ಸರಿಯಿತ್ತು, ಮಾತ್ರೆಯ ಹೊತ್ತೊಂದು ಬಿಟ್ಟು. ಮಾಲೂರಿಗೆ ಮದುವೆಯಾಗಿ ಹೋಗಿರುವ ಅವಳ ಮಗಳು ಫೋನಿನಲ್ಲಿ ಅಲಾರಾಂ ಇಟ್ಟುಕೊಟ್ಟಿದ್ದಳು. ಅದು ಹೊಡೆದುಕೊಂಡಾಗ ಅಕ್ಕ ಫೋನ್ ಇರುವ ಕೋಣೆಯಲ್ಲಿ ಇರುತ್ತಿರಲಿಲ್ಲ. ಇದ್ದರೆ, ಯಾರೋ ಫೋನ್ ಮಾಡುತ್ತಿದ್ದಾರೆಂದು ಕಟ್ ಮಾಡಿ, ಆಮೇಲೆ ತಿರುಗಿ ಮಾಡಿದರಾಯಿತು ಎಂದುಕೊಳ್ಳುತ್ತಿದ್ದಳು. ಗೋಡೆ ಗಡಿಯಾರದ ಮೇಲೆ ಕೆಂಪು ಚುಕ್ಕಿ ಅಂಟಿಸಿದೆ. ಆ ಮನೆಯಲ್ಲಿ ಗಡಿಯಾರ ನೋಡುವವರು ಯಾರು? ಅವರಿಗೆ ಹೊತ್ತೆಂದರೆ ಸೊಪ್ಪಿನ ಹೊತ್ತು. ಬೆಳಿಗ್ಗೆ ಏಳಕ್ಕೆ ಹುಳಕ್ಕೆ ಸೊಪ್ಪು, ಮಧ್ಯಾಹ್ನ ಒಂದು ಸಲ, ಸಂಜೆ ಏಳಕ್ಕೆ ಮತ್ತೆ. ಸಾವಾಗಲಿ ನೋವಾಗಲಿ ಅದು ತಪ್ಪುವುದಿಲ್ಲ. ನಮ್ಮ ತಾತ ತೀರಿಕೊಂಡ ದಿನ, ಹೆಣ ಅಂಗಳದಲ್ಲಿರುವಾಗಲೇ, ನಮ್ಮಮ್ಮ ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಿ ಬಂದು ಮತ್ತೆ ಅಳಲು ಕೂತಿದ್ದಳು.

ಆಗ ನನಗೆ ಹೊಳೆಯಿತು. ಮಾತ್ರೆಯನ್ನು ಸೊಪ್ಪಿಗೆ ಕಟ್ಟಿಬಿಟ್ಟರೆ?

ವಾರದ ದಿನಗಳ ಹೆಸರಿದ್ದ ಪ್ಲಾಸ್ಟಿಕ್ ಡಬ್ಬಿ ತಂದೆ. ದಿನಕ್ಕೆ ಎರಡು ಮುಚ್ಚಳ, ಬೆಳಿಗ್ಗೆ ಒಂದು, ಸಂಜೆ ಒಂದು. ಅದನ್ನು ಹುಳುಮನೆಯ ಬಾಗಿಲ ಪಕ್ಕ, ಅಕ್ಕ ಕೂರುವ ಕುರ್ಚಿಯ ಕೈಗೆಟುಕುವಂತೆ ನೆರಳಿನಲ್ಲಿ ತೂಗುಹಾಕಿದೆ. ಭಾವ ಬೆಳಗಿನ ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದರೆ ಇವಳು ಒಂದು ಮುಚ್ಚಳ ತೆಗೆಯಬೇಕು. ಸಂಜೆಯ ಹೊರೆಗೆ ಇನ್ನೊಂದು. ಮಧ್ಯಾಹ್ನದ ಸೊಪ್ಪಿಗೆ ಮಾತ್ರೆ ಇಲ್ಲ, ಊಟ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಹುಳು ಇರುವುದಿಲ್ಲವಲ್ಲ, ಆ ದಿನಗಳನ್ನೂ ನಾನು ಬಿಟ್ಟಿರಲಿಲ್ಲ. ಹುಳು ಗೂಡು ಕಟ್ಟಿದ ದಿನದಿಂದ ಮುಂದಿನ ಹುಳು ಮನೆಗೆ ಬರುವವರೆಗೆ ನಾನೇ ದಿನಕ್ಕೆರಡು ಸಲ ಫೋನ್ ಮಾಡುತ್ತೇನೆಂದು ಒಪ್ಪಂದವಾಯಿತು. ಬೆಳೆ ಇರುವಾಗ ಫೋನ್ ಮಾಡಿ ತಲೆ ತಿನ್ನಬಾರದು ಎಂಬುದು ಭಾವನ ಕಡೆಯ ಷರತ್ತು. ನೋಟ್‌ಬುಕ್ಕಿನ ಬಲಗಡೆ ದೊಡ್ಡದಾಗಿ ಬರೆದೆ: ಸೊಪ್ಪಿನ ಹೊತ್ತಿಗೆ ಮಾತ್ರೆ. ಕೆಳಗೆ ಎರಡು ಗೆರೆ ಎಳೆದೆ. ಗೆರೆಯ ಕೆಳಗೆ ಇನ್ನೊಂದು ಸಾಲು, ಇದರಲ್ಲಿ ತಪ್ಪಾಗುವ ಹಾಗಿಲ್ಲ.

ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ನಾನು ಯೋಚನೆ ಮಾಡಿ ಮಾಡಿದ ಕೆಲಸ ಇದೊಂದೇ ಎನ್ನಬೇಕು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಡಾಕ್ಟರಮ್ಮನಿಗೆ ನಾನೇ ಮುಂದೆ ಬಿದ್ದು ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟು, ಬಹಳ ಒಳ್ಳೇ ಐಡಿಯಾ ಸಾರ್, ಬೇರೆಯವರಿಗೂ ಹೇಳ್ತೀನಿ ಎಂದರು. ವಾಪಸ್ಸು ಬರುವಾಗ ಹೊಸಕೋಟೆ ದಾಟುವವರೆಗೂ ನಾನು ಆ ಮಾತನ್ನೇ ಚಪ್ಪರಿಸುತ್ತಿದ್ದೆ.

ಕಳೆದ ವರ್ಷದ ಆಂಜಿಯೋಗ್ರಾಂ ಮುಗಿದ ಮೇಲೆ ಅದೇ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡರು. ಚೀಟಿಯ ಹಿಂದೆ ಒಂದು ಕೊಳವೆಯ ಚಿತ್ರ ಬರೆದು, ಒಳಗಿನ ಗೋಡೆಯ ಮೇಲೆ ಪೆನ್ನಿನಿಂದ ಮತ್ತೆ ಮತ್ತೆ ತಿದ್ದಿ ದಪ್ಪ ಮಾಡಿದರು. ನಿಧಾನದ ರಿಜೆಕ್ಷನ್ ಶುರುವಾಗಿದೆ ಎಂದರು. ಭಾವ ಚಿತ್ರವನ್ನು ಬಗ್ಗಿ ನೋಡಿದರು. ಅವರಿಗೆ ಅದು ಬೇಗ ಅರ್ಥವಾಯಿತು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸಿಗೆ ತೋಟದ ಡ್ರಿಪ್ ಪೈಪುಗಳ ಒಳಗೆ ಹೀಗೇ ಉಪ್ಪು ಕಟ್ಟುತ್ತದೆ.

"ಡ್ರಿಪ್ಪಿಗೆ ನಾವು ಆಸಿಡ್ ಬಿಟ್ಟು ತೊಳಿತೀವಿ ಮೇಡಂ. ಇದಕ್ಕೆ ಹಂಗೇನೂ ಇಲ್ವಾ?" ಎಂದು ಕೇಳಿದರು.

ಡಾಕ್ಟರಮ್ಮ ನಗಲಿಲ್ಲ. "ಇಲ್ಲ. ಒಂದೇ ಜಾಗದಲ್ಲಿ ಇದ್ದಿದ್ರೆ ಸ್ಟೆಂಟ್ ಹಾಕಬಹುದಿತ್ತು. ಇದು ಉದ್ದಕ್ಕೂ ಇದೆ. ಸದ್ಯಕ್ಕೆ ಕಡಿಮೆ ಇದೆ, ಇದನ್ನ ಇಲ್ಲೇ ನಿಲ್ಲಿಸೋಕೆ ನೋಡ್ಬೇಕು. ಮುಂದುವರಿದ್ರೆ ಇನ್ನೊಂದು ಹಾರ್ಟ್ ಸಿಗುತ್ತೆ ಅಂತ ನಾನು ಹೇಳಲ್ಲ."

ಮಾತ್ರೆ ಸರಿಯಾಗಿ ತಗೊಂಡವರಲ್ಲೂ ಇದು ಬರಬಹುದು ಎಂದೂ ಅವರೇ ಹೇಳಿದರು. ಆದರೆ ಕೋಲಾರದ ಲ್ಯಾಬಿನಿಂದ ಬಂದಿದ್ದ ಹಿಂದಿನ ರಿಪೋರ್ಟುಗಳನ್ನು ಸಾಲಾಗಿ ಜೋಡಿಸಿದಾಗ ಅವರ ಹುಬ್ಬು ಗಂಟಿಕ್ಕಿತು. ರಕ್ತದಲ್ಲಿ ಮಾತ್ರೆಯ ಮಟ್ಟ ಒಂದು ಸಲ ಸರಿ, ಒಂದು ಸಲ ಪಾತಾಳ, ಮತ್ತೊಂದು ಸಲ ಸರಿ. ಹೀಗೆ ಹತ್ತಿ ಇಳಿಯುತ್ತಿದ್ದರೆ ಕೋಶಗಳಿಗೆ ಹಬ್ಬ ಎಂದರು. ಅಕ್ಕನ ಕಡೆ ತಿರುಗಿ, ಮಾತ್ರೆ ಬಿಡ್ತಾ ಇದ್ದೀರಾ ಎಂದು ಮೆಲ್ಲಗೆ ಕೇಳಿದರು.

"ಒಂದೇ ಒಂದು ಸಲಾನೂ ಬಿಟ್ಟಿಲ್ಲ ಮೇಡಂ. ಸೊಪ್ಪು ಹಾಕಿದಾಗೆಲ್ಲ ನುಂಗಿದೀನಿ. ಬೇಕಾದ್ರೆ ನಮ್ಮ ಯಜಮಾನ್ರನ್ನ ಕೇಳಿ."

ಯಜಮಾನರು ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ, ಅವರಿಬ್ಬರಿಗಿಂತ ಜೋರಾಗಿ.

"ಹಾಗಾದ್ರೆ ಇನ್ನೇನೋ ತಪ್ತಾ ಇದೆ. ಹುಡುಕಿ" ಎಂದರು ಡಾಕ್ಟರಮ್ಮ.

ಹುಡುಕಿ ಎಂಬ ಮಾತನ್ನು ನನ್ನಂಥವನಿಗೆ ಹೇಳಬಾರದು. ಮುಂದಿನ ಆರು ತಿಂಗಳು ನಾನು ಮನುಷ್ಯನಾಗಿ ಉಳಿಯಲಿಲ್ಲ. ಔಷಧಿ ಅಂಗಡಿಗೆ ಹೋಗಿ ಖಾಲಿ ಮಾತ್ರೆ ಹಾಳೆಗಳನ್ನೆಲ್ಲ ಕೌಂಟರ್ ಮೇಲೆ ಹರಡಿ ಕಂಪನಿ ಹೋಲಿಸಿದೆ. ಎಲ್ಲವೂ ಒಂದೇ ಕಂಪನಿಯವು. ಅಂಗಡಿಯವನು ಅಂದಿನಿಂದ ನನ್ನನ್ನು ದೂರದಿಂದ ಕಂಡರೆ ಗೋದಾಮಿಗೆ ಹೋಗಿಬಿಡುತ್ತಾನೆ. ಲ್ಯಾಬಿಗೆ ಹೋಗಿ ನಿಮ್ಮ ಯಂತ್ರ ಸರಿಯಿದೆಯೇ ಎಂದು ಕೂಗಾಡಿದೆ. ಅಲ್ಲಿದ್ದ ಹುಡುಗಿ, ಈ ಟೆಸ್ಟನ್ನು ನಾವು ಇಲ್ಲಿ ಮಾಡೋದೇ ಇಲ್ಲ ಸಾರ್, ಬೆಂಗಳೂರಿಗೆ ಕಳಿಸ್ತೀವಿ ಎಂದು ಒಂದು ಲೋಟ ನೀರು ಕೊಟ್ಟಳು. ದೊಡ್ಡಮ್ಮನಿಗೆ ಫೋನ್ ಮಾಡಿ ಕದ್ದುಮುಚ್ಚಿ ಕಷಾಯ ಕೊಟ್ಟಿದ್ದೀರಾ ಎಂದು ಕೇಳಿದೆ. ಈ ವರ್ಷ ನಮ್ಮ ಮನೆಗೆ ಶ್ರೀನಿವಾಸಪುರದ ಮಾವು ಬರಲಿಲ್ಲ.

ಅಷ್ಟರಲ್ಲಿ ಇನ್ನೆರಡು ಟೆಸ್ಟು ಆದವು. ಒಂದು ಸರಿ ಬಂತು, ಇನ್ನೊಂದು ಮತ್ತೆ ಪಾತಾಳ. ರಿಪೋರ್ಟಿನ ತಾರೀಖುಗಳನ್ನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೆ ಒಂದು ಬರೆದು ದಿಟ್ಟಿಸುತ್ತಾ ಕೂತಿದ್ದಾಗ ಒಂದು ಮಾತು ಕಣ್ಣಿಗೆ ಹೊಡೆಯಿತು. ಮಟ್ಟ ಇಳಿದ ಟೆಸ್ಟುಗಳೆಲ್ಲ ಮನೆಯಲ್ಲಿ ಬೆಳೆ ಇದ್ದಾಗಿನವು. ನಾನು ಫೋನ್ ಮಾಡುವ ಖಾಲಿ ದಿನಗಳಲ್ಲಿ ಒಂದು ಸಲವೂ ಇಳಿದಿಲ್ಲ.

ಇಷ್ಟು ಹತ್ತಿರ ಬಂದವನು ಬಾಗಿಲು ತಳ್ಳಿ ಒಳಗೆ ಹೋಗಬೇಕಿತ್ತು. ನಾನು ಬಲಕ್ಕೆ ತಿರುಗಿ ಕೆರೆಗೆ ಬಿದ್ದೆ. ಬೆಳೆ ಇದ್ದಾಗ ಏನಿರುತ್ತದೆ? ಬ್ಲೀಚಿಂಗ್ ಪುಡಿಯ ಘಾಟು ಇರುತ್ತದೆ, ಹುಳುಮನೆಯಲ್ಲಿ ಎರಚುವ ಸುಣ್ಣದ ಧೂಳು ಇರುತ್ತದೆ. ಅವೇ ಮಾತ್ರೆಯ ಶಕ್ತಿಯನ್ನು ಕೆಡಿಸುತ್ತಿವೆ ಎಂದು ತೀರ್ಮಾನ ಮಾಡಿದೆ. ವಿಜ್ಞಾನದ ಮೇಷ್ಟ್ರು. ಒಂದು ಭಾನುವಾರ ಹೋಗಿ, ಹುಳುಮನೆ ಮುಚ್ಚಿಬಿಡಿ ಭಾವ, ಆ ಜಾಗದಲ್ಲಿ ತರಕಾರಿ ಹಾಕಿ ಎಂದು ಅಪ್ಪಣೆ ಕೊಟ್ಟೆ. ಭಾವ ಸೊಪ್ಪು ಕಟಾವು ಮಾಡಿ ಆಗಷ್ಟೇ ಬಂದಿದ್ದರು. ಕುಡುಗೋಲು ಒರೆಸುತ್ತಾ ಕೇಳಿಸಿಕೊಂಡರು. ನಾನು ಮುಂದುವರಿದು, ಹೆಂಡತಿಯ ಜೀವಕ್ಕಿಂತ ಹುಳ ಹೆಚ್ಚಾಯಿತೇ ಎಂದೂ ಅಂದುಬಿಟ್ಟೆ.

ಅವರು ಕೂಗಲಿಲ್ಲ. "ಮೇಷ್ಟ್ರೇ, ನಿಮ್ಮ ಪುಸ್ತಕದಾಗೆ ನನ್ನ ಹೆಸರೂ ಬರ್ಕೊಂಡ್ರಾ?" ಎಂದಷ್ಟೇ ಕೇಳಿದರು.

ಬರೆದುಕೊಂಡಿದ್ದೆ. ಕೆಮ್ಮಿನ ಪುಟದಲ್ಲಿ ಒಂದು ಸಲ, ಅದರ ಮುಂದಿನ ಪುಟದಲ್ಲಿ ಒಂದು ಸಲ. ಅವರು ಮೇಷ್ಟ್ರೇ ಎಂದು ಕರೆದದ್ದು ಅದೇ ಮೊದಲು. ಮದುವೆಯಾದಾಗಿನಿಂದ ನನಗೆ ಏನಪ್ಪಾ, ಬಾರಪ್ಪಾ ಎನ್ನುತ್ತಿದ್ದವರು.

ಅಕ್ಕ ಎದ್ದು ನನ್ನ ಚೀಲ ತಂದು ಕೈಗೆ ಕೊಟ್ಟಳು. "ಹುಳ ಇಲ್ದಿದ್ರೆ ನಾನ್ ಯಾವ ಹೊತ್ಗೆ ಏಳ್ಲಿ, ಯಾವ ಹೊತ್ಗೆ ಮಲಗ್ಲಿ? ನೀನು ಫೋನ್ ಮಾಡ್ದಾಗ್ಲಾ? ಹೋಗ್ ಕಣೋ, ಕೋಲಾರದ ಬಸ್ಸು ಬರೋ ಹೊತ್ತಾಯ್ತು" ಅಂದಳು.

ಇಡೀ ವಾರ ಅತ್ತ ಸುಳಿಯಲಿಲ್ಲ. ಬೆಳಿಗ್ಗೆ ಏಳಕ್ಕೂ ಸಂಜೆ ಏಳಕ್ಕೂ ಫೋನ್ ಕೈಗೆತ್ತಿಕೊಂಡು, ಬೆಳೆ ಇದೆ, ಮಾಡಬಾರದು ಎಂದು ಕೆಳಗಿಡುತ್ತಿದ್ದೆ. ಸಿಟ್ಟು ಯಾರ ಮೇಲೆಂದು ನನಗೇ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣದ ಕೋಶಗಳ ಮೇಲೆ ಎಷ್ಟು ದಿನ ಸಿಟ್ಟು ಮಾಡಿಕೊಂಡಿರಲು ಸಾಧ್ಯ? ಅವು ತಮಗೆ ಹುಟ್ಟಿನಿಂದ ಹೇಳಿಕೊಟ್ಟ ಕೆಲಸ ಮಾಡುತ್ತಿವೆ. ಹತ್ತನೇ ತರಗತಿಯಲ್ಲಿ ಆ ಪಾಠ ಬಂದಾಗ ಸೈನಿಕರು ಎಂದು ಬರೆಯಲು ಕೈ ಬರಲಿಲ್ಲ. ಪುಸ್ತಕ ನೋಡಿ ಬರೆದುಕೊಳ್ಳಿ ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಮುಂದಿನ ಆಂಜಿಯೋಗ್ರಾಂಗೆ ಎರಡು ತಿಂಗಳಿತ್ತು.

ಹೆಂಡತಿ ಇಷ್ಟು ದಿನ ನೋಡಿದವಳು, ಹೋಗಿ ಭಾವನಿಗೆ ತಪ್ಪಾಯ್ತು ಅಂತ ಹೇಳಿ ಬನ್ನಿ, ಇಲ್ಲದಿದ್ದರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ ಎಂದಳು. ಶನಿವಾರ ರಜೆ ಹಾಕಿದೆ. ಮುಳಬಾಗಿಲಿನಿಂದ ಕೋಲಾರ, ಕೋಲಾರದಿಂದ ಹುತ್ತೂರಿನ ಕಡೆಯ ಬಸ್ಸು. ದಾರಿಯುದ್ದಕ್ಕೂ ತಪ್ಪಾಯ್ತು ಎನ್ನುವುದನ್ನು ತಪ್ಪಾಯ್ತು ಎನ್ನದೆ ಹೇಳುವುದು ಹೇಗೆಂದು ಅಭ್ಯಾಸ ಮಾಡಿಕೊಂಡು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಲುಪಿದೆ.

ಮನೆ ನಿಶ್ಶಬ್ದವಾಗಿತ್ತು. ಬೆಳೆ ಇರುವ ಮನೆಯಲ್ಲಿ ಆ ಹೊತ್ತಿಗೆ ಸೊಪ್ಪು ಕಟಾವು, ಹೊರೆ ಇಳಿಸುವುದು, ಒಬ್ಬರ ಮೇಲೊಬ್ಬರು ರೇಗುವುದು ಇರಬೇಕು. ಭಾವ ಹುಣಸೆ ಮರದ ಕೆಳಗೆ ಟವೆಲ್ಲು ಹಾಸಿಕೊಂಡು ನಿದ್ದೆ ಹೋಗಿದ್ದರು. ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತು, ತಲೆಗೆ ಎಣ್ಣೆ ಹಚ್ಚಿಕೊಂಡು, ಹುರಿದ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದಳು. ನನ್ನನ್ನು ಕಂಡು ಮುಖ ಊದಿಸಲಿಲ್ಲ. ಸೋಪು ಅಲ್ಲಿದೆ, ಕೈ ತೊಳ್ಕೊಂಡು ಬಾ ಎಂದಳು.

ಆ ದೃಶ್ಯ ನನಗೆ ಹೊಸದಾಗಿರಲಿಲ್ಲ. ಚಿಕ್ಕಂದಿನಲ್ಲಿ ನಮ್ಮಮ್ಮ ಹೀಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದದ್ದು ಬೆಳೆಯ ನಡುವಿನ ಕೆಲವೇ ದಿನಗಳಲ್ಲಿ. ರೇಷ್ಮೆ ಹುಳು ದೊಡ್ಡದಾಗುವಾಗ ನಡುನಡುವೆ ಮೇಯುವುದು ನಿಲ್ಲಿಸಿ, ತಲೆ ಎತ್ತಿ ಅಲುಗಾಡದೆ ಕೂತು, ಹಳೆಯ ಚರ್ಮ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಹುಳು ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಒಂದು ದಿನ, ಕೆಲವು ಸಲ ಒಂದೂವರೆ ದಿನ. ಅಷ್ಟು ಹೊತ್ತೂ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಮನೆಯವರಿಗೆ ಸಿಗುವ ರಜೆ ಅದೊಂದೇ. ಈಗ ಎಳೆಯ ಹುಳುವನ್ನು ಹೊರಗೆ ಸಾಕಿ ಕೊಡುವುದರಿಂದ ಮೊದಲೆರಡು ಜ್ವರ ಅಲ್ಲೇ ಮುಗಿದಿರುತ್ತದೆ. ಮನೆಯಲ್ಲಿ ಆಗುವುದು ಉಳಿದ ಎರಡು. ಬೆಳೆಗೆ ಎರಡು ಸಲ.

ಇದೆಲ್ಲ ನನಗೆ ಗೊತ್ತಿತ್ತು. ನನಗೆ ಅ ಆ ಇ ಈ ಗೊತ್ತಾಗುವ ಮೊದಲು ಗೊತ್ತಿದ್ದದ್ದು ಇದು.

ನಾನು ಕೈ ತೊಳೆಯಲಿಲ್ಲ. ನೇರವಾಗಿ ಹುಳುಮನೆಯ ಬಾಗಿಲ ಪಕ್ಕ ಹೋದೆ. ಕುರ್ಚಿ ಗೋಡೆಗೆ ಒರಗಿಸಿತ್ತು. ಡಬ್ಬಿ ತೂಗುತ್ತಿತ್ತು.

"ಅಕ್ಕ, ಮಾತ್ರೆ?" ಎಂದು ಅಲ್ಲಿಂದಲೇ ಕೇಳಿದೆ.

"ನಿನ್ನೆ ಮಧ್ಯಾಹ್ನದಿಂದ ಜ್ವರಕ್ಕೆ ಕೂತವೆ ಕಣೋ" ಎಂದಳು ಅವಳು, ನಾನು ಮರೆತಿದ್ದೇನೆಂದುಕೊಂಡು, ನೆನಪಿಸುವ ದನಿಯಲ್ಲಿ. "ನಾಳೆ ಏಳ್ತವೆ. ಇವತ್ತು ಸೊಪ್ಪಿಲ್ವಲ್ಲ."

ಶುಕ್ರವಾರದ ಸಂಜೆ, ಶನಿವಾರದ ಬೆಳಿಗ್ಗೆ. ಎರಡು ಮುಚ್ಚಳ ತೆಗೆದಿರಲಿಲ್ಲ.